ಬಚ್ಚಲಿನ ನೆಲ

ಜನವರಿ ೫

ಡಿಸೈನರ್ ಅವರಿಗೆ,

ನಿಮ್ಮನ್ನು ಅಕ್ಕ ಎಂದು ಕರೆದು ಆರು ವರ್ಷವಾಯಿತು. ಈ ಕಾಗದದಲ್ಲೂ ಕರೆಯುವುದಿಲ್ಲ. ಇದು ವ್ಯವಹಾರದ ಕಾಗದ, ಹಾಗೆಂದೇ ಓದಿಕೊಳ್ಳಿ.

ಅಮ್ಮನ ಕಣ್ಣು ಹೋಗುತ್ತಿದೆ. ಕಣ್ಣಿನ ನರ ಒಣಗುತ್ತಿದೆಯಂತೆ. ಹೋದದ್ದು ಮತ್ತೆ ಬರುವುದಿಲ್ಲ, ಉಳಿದದ್ದೂ ಹೆಚ್ಚೆಂದರೆ ಒಂದು ವರ್ಷ ಎಂದು ಡಾಕ್ಟರು ಹೇಳಿದ್ದಾರೆ. ಮೂರನೆಯ ಮಹಡಿಯ ಈ ಬಾಡಿಗೆ ಮನೆಯಲ್ಲಿ ಇನ್ನು ಆಗದು ಎಂದು ಎರಡು ಬೀದಿ ಆಚೆ ನೆಲಮಟ್ಟದ ಒಂದು ಹಳೆಯ ಮನೆ ಕೊಂಡಿದ್ದೇನೆ. ಒಂದು ನಡುಮನೆ, ಎರಡು ಕೋಣೆ, ಅಡುಗೆಮನೆ, ಒಂದು ಬಚ್ಚಲು. ಒಳಗಿನದೆಲ್ಲ ಕಿತ್ತು ಹೊಸದಾಗಿ ಮಾಡಿಸಬೇಕು. ಕಣ್ಣು ಪೂರ್ತಿ ಹೋಗುವ ಮುಂಚೆ ಅಮ್ಮ ಅಲ್ಲಿಗೆ ಹೋಗಿ, ಎಲ್ಲಿ ಏನಿದೆ ಎಂದು ಕಾಲಿಗೂ ಕೈಗೂ ರೂಢಿ ಮಾಡಿಕೊಳ್ಳಬೇಕು. ಅವಸರ ಅದಕ್ಕೆ.

ಮೂವರು ಇಂಟೀರಿಯರ್ ಡಿಸೈನರುಗಳನ್ನು ಕರೆಸಿದೆ. ಮೊದಲನೆಯವನಿಗೆ ಅಮ್ಮ ಕಾಫಿ ಕೊಟ್ಟು ಕಳಿಸಿದಳು. ಎರಡನೆಯವಳಿಗೆ ಅದೂ ಇಲ್ಲ. ಮೂರನೆಯವನು ಇನ್ನೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ, "ಮಾಡಿದ್ರೆ ದೊಡ್ಡವಳು ಮಾಡ್ಬೇಕು. ಇಲ್ದಿದ್ರೆ ನಾನು ಈ ಮೂರನೇ ಮಹಡಿಯಲ್ಲೇ ಸಾಯ್ತೀನಿ" ಎಂದು ಅವನಿಗೆ ಕೇಳುವ ಹಾಗೆ ಕೂಗಿದಳು. ಎರಡು ದಿನ ಊಟ ಬಿಟ್ಟಳು. ಹೀಗಾಗಿ ನಿಮ್ಮನ್ನು ಗೊತ್ತುಮಾಡುತ್ತಿದ್ದೇನೆ, ನನ್ನ ಮನಸ್ಸಿಗೆ ಪೂರ್ತಿ ವಿರುದ್ಧವಾಗಿ.

ಫೋನ್ ಮಾಡಬೇಡಿ. ನಿಮ್ಮ ದನಿ ಕೇಳುವ ಆಸೆ ನನಗಿಲ್ಲ. ಬಾಯಲ್ಲಿ ಒಂದು ಹೇಳಿ ಆಮೇಲೆ ನುಣುಚಿಕೊಳ್ಳಲೂ ನಿಮ್ಮನ್ನು ಬಿಡುವುದಿಲ್ಲ. ಏನಿದ್ದರೂ ಕಾಗದದಲ್ಲಿ. ನೀವು ಹೇಗೆ ಕೆಲಸ ಮಾಡುತ್ತೀರಿ, ನಾನು ಏನೇನು ಅನುಭವಿಸಬೇಕಾಗುತ್ತದೆ, ಬರೆದು ತಿಳಿಸಿ.

ಇಂತಿ,
ಮನೆಯ ಯಜಮಾನಿ


ಜನವರಿ ೧೨

ಯಜಮಾನಿಯವರಿಗೆ,

ಹೊಸದಾಗಿ ಬರುವ ಎಲ್ಲರಿಗೂ ಬರೆಯುವುದನ್ನೇ ನಿಮಗೂ ಬರೆಯುತ್ತೇನೆ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಮೊದಲು ನಾನು ಪ್ರಶ್ನೆ ಕೇಳುತ್ತೇನೆ. ಅವುಗಳಲ್ಲಿ ಅರ್ಧ ಅಧಿಕಪ್ರಸಂಗ ಅನ್ನಿಸುತ್ತವೆ. ಯಾರು ಮೊದಲು ಏಳುತ್ತಾರೆ, ಒದ್ದೆ ಟವೆಲನ್ನು ಎಲ್ಲಿ ಬಿಸಾಡುತ್ತಾರೆ, ಕೋಪ ಬಂದಾಗ ಯಾವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಸುಳ್ಳು ಹೇಳಿದರೆ ಆ ಸುಳ್ಳಿಗೆ ತಕ್ಕ ಮನೆ ಸಿಗುತ್ತದೆ. ಆಮೇಲೆ ಅಳತೆ, ಆಮೇಲೆ ನಕ್ಷೆ. ನಕ್ಷೆಯ ಮೇಲೆ ಎಷ್ಟು ಬೇಕಾದರೂ ಜಗಳ ಆಡಬಹುದು, ರಬ್ಬರಿನಿಂದ ಅಳಿಸುತ್ತೇನೆ. ಬಡಗಿ ಮರ ಕೊಯ್ದ ಮೇಲೆ ಮಾತ್ರ ಬಾಯಿ ತೆರೆಯಬೇಡಿ. ಕೆಲಸ ಶುರುವಾದ ಮೇಲೆ ಧೂಳು. ನೀವು ಎರಡು ಬೀದಿ ಆಚೆ ಇದ್ದರೂ ನಿಮ್ಮ ಅನ್ನದಲ್ಲಿ ಅದು ಸಿಗುತ್ತದೆ. ಹೇಳಿದ ದಿನಕ್ಕೆ ಮುಗಿಯುವುದಿಲ್ಲ. ಮುಗಿಸಿಕೊಡುತ್ತೇನೆ ಎಂದು ಎದೆ ತಟ್ಟಿಕೊಳ್ಳುವವರು ಸಿಕ್ಕಿದರೆ ಅವರ ಕೈಗೆ ಕೆಲಸ ಕೊಡಬೇಡಿ. ನಡುವೆ ಒಂದು ದಿನ ಅರ್ಧ ಒಡೆದ ಗೋಡೆಗಳ ಮಧ್ಯೆ ನಿಂತಾಗ, ಇದಕ್ಕೆ ಯಾಕಾದರೂ ಕೈ ಹಾಕಿದೆನೋ ಎಂದು ಅಳು ಬರುತ್ತದೆ. ಎಲ್ಲರಿಗೂ ಬರುತ್ತದೆ. ಆ ದಿನ ನನಗೆ ಕಾಗದ ಬರೆಯಬೇಡಿ.

ನೀವು ನಿಮ್ಮ ರಕ್ತಪರೀಕ್ಷೆಯ ಲ್ಯಾಬಿನಲ್ಲಿರುವ ಹೊತ್ತಿನಲ್ಲಿ ಮಾತ್ರ ನಾನು ಬರುತ್ತೇನೆ. ಅಮ್ಮನನ್ನು ಆ ಮನೆಗೆ ನಾನೇ ಕರೆದುಕೊಂಡು ಹೋಗಿ, ನೀವು ಬರುವ ಮುಂಚೆ ವಾಪಸು ಬಿಡುತ್ತೇನೆ. ಇದು ಇಬ್ಬರಿಗೂ ಒಳ್ಳೆಯದು.

ಪ್ರಶ್ನೆಗಳ ಹಾಳೆ ಜೊತೆಗಿದೆ. ಮುಖ್ಯವಾದದ್ದನ್ನು ಇಲ್ಲೇ ಕೇಳುತ್ತೇನೆ. ಅಮ್ಮನಿಗೆ ಈಗ ಎಷ್ಟು ಕಾಣುತ್ತದೆ? ಡಾಕ್ಟರು ಹೇಳಿದ್ದು ಬೇಡ. ನೀವು ಕಂಡದ್ದು ಬರೆಯಿರಿ.

ಇಂತಿ,
ಡಿಸೈನರ್


ಜನವರಿ ೨೦

ಡಿಸೈನರ್ ಅವರಿಗೆ,

ನಿಮ್ಮ ಮೂವತ್ತೆಂಟು ಪ್ರಶ್ನೆಗಳಿಗೆ ಬೇರೆ ಹಾಳೆಯಲ್ಲಿ ಉತ್ತರ ಬರೆದಿದ್ದೇನೆ. ಮೊದಲು ಏಳುವವಳು ನಾನು. ಒದ್ದೆ ಟವೆಲ್ ಕುರ್ಚಿಯ ಬೆನ್ನಿನ ಮೇಲೆ. ಕೋಪ ಬಂದಾಗ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವಷ್ಟು ಬಿಡುವು ಈ ಮನೆಯಲ್ಲಿ ಯಾರಿಗೂ ಇಲ್ಲ.

ಅಮ್ಮನಿಗೆ ಎದುರಿನದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಪತ್ರಿಕೆಯ ದೊಡ್ಡಕ್ಷರ ಓದುತ್ತಾಳೆ. ಸೊಪ್ಪು ಬಿಡಿಸುತ್ತಾಳೆ. ಏಳುತ್ತಾಳೆ, ಸ್ನಾನ ಮಾಡುತ್ತಾಳೆ, ಉಣ್ಣುತ್ತಾಳೆ, ರೇಡಿಯೊ ಕೇಳುತ್ತಾಳೆ. ಇನ್ನೇನು ಬೇಕು ನಿಮಗೆ?

ಬಚ್ಚಲಿನ ಬಗ್ಗೆಯೇ ಒಂಬತ್ತು ಪ್ರಶ್ನೆ ಕೇಳಿದ್ದೀರಿ. ಯಾವ ಮುಖ ಇಟ್ಟುಕೊಂಡು ಕೇಳಿದಿರಿ? ಮರೆತಿದ್ದರೆ ನೆನಪಿಸುತ್ತೇನೆ. ಅಪ್ಪ ಅಮ್ಮನ ಮನೆಯನ್ನು ನೀವೇ ಮುಂದೆ ನಿಂತು ಹೊಸದು ಮಾಡಿಸಿದಿರಿ. ಬಚ್ಚಲಿಗೆ ಕನ್ನಡಿಯಂಥ ಬಿಳಿ ಕಲ್ಲು ಹಾಕಿಸಿದಿರಿ. ನಲವತ್ತು ವರ್ಷ ಬಸ್ಸು ಓಡಿಸಿ ಒಂದು ಗೀರು ಬೀಳಿಸದ ಅಪ್ಪ, ಒಂದು ಬೆಳಿಗ್ಗೆ ಆ ಕಲ್ಲಿನ ಮೇಲೆ ಕಾಲು ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಎದ್ದು ಬರಲಿಲ್ಲ. ಇಪ್ಪತ್ತೆರಡನೆಯ ದಿನ ಹೋದರು. ಆ ಮನೆಯಲ್ಲಿ ಇರಲಾರದೆ ನಾನೂ ಅಮ್ಮನೂ ಈ ಬಾಡಿಗೆ ಮನೆಗೆ ಬಂದೆವು. ನಿಮ್ಮ ಕಸುಬಿನ ಬಗ್ಗೆ ನನಗೆ ತಿಳಿದಿರುವುದು ಇಷ್ಟು. ಉಳಿದದ್ದನ್ನು ನಿಮ್ಮ ಬೇರೆ ಗಿರಾಕಿಗಳಿಗೆ ಹೇಳಿ.

ಇಂತಿ,
ಯಜಮಾನಿ


ಫೆಬ್ರವರಿ ೩

ಯಜಮಾನಿಯವರಿಗೆ,

ನಿಮ್ಮ ಉತ್ತರಗಳು ಕೆಲಸಕ್ಕೆ ಬರುವುದಿಲ್ಲ. ಅಮ್ಮನ ಬಗ್ಗೆ ನೀವು ಬರೆದದ್ದು ಎರಡು ವರ್ಷದ ಹಿಂದಿನ ಅಮ್ಮ.

ಮೊನ್ನೆ ಅವಳನ್ನು ಹೊಸ ಮನೆಗೆ ಕರೆದುಕೊಂಡು ಹೋಗಿ ಅಳತೆ ತೆಗೆದೆ. ಟೇಪಿನ ಒಂದು ತುದಿಯನ್ನು ಅವಳ ಕೈಗೆ ಕೊಟ್ಟೆ. ಬೆಳಕಿನ ಕಡೆ ಹಿಡಿದುಕೊಂಡು "ಬಿಳೀ ಟೇಪು, ಚೆನ್ನಾಗಿದೆ" ಅಂದಳು. ಟೇಪು ಹಳದಿ. ಬಾಗಿಲಿಂದ ಕಿಟಕಿಗೆ ನಡೆಯುವಾಗ ತುಟಿ ಅಲ್ಲಾಡುತ್ತಿತ್ತು. "ಏನಮ್ಮ ಹೇಳ್ಕೋತಿದೀಯ?" ಎಂದು ಕೇಳಿದೆ. "ಏನೂ ಇಲ್ಲ" ಅಂದಳು. ಹೆಜ್ಜೆ ಎಣಿಸುತ್ತಿದ್ದಳು. ಅವಳ ಎಡಗಡೆಯಿಂದ ನಾನು ಚಾಚಿದ ನೀರಿನ ಲೋಟ ಅವಳಿಗೆ ಕಾಣಲೇ ಇಲ್ಲ. ಜಗಲಿಯ ಮೇಲೆ ಕೂರಿಸಿ ಕೇಳಿದಾಗ ಬಾಯಿಬಿಟ್ಟಳು. ಎಡಗಣ್ಣು ಆರು ತಿಂಗಳ ಹಿಂದೆಯೇ ಪೂರ್ತಿ ಹೋಗಿದೆ. ಪತ್ರಿಕೆ ಓದುವುದು ನಾಟಕ. ಬೆಳಿಗ್ಗೆ ರೇಡಿಯೊದಲ್ಲಿ ಕೇಳಿದ್ದನ್ನು ಸಂಜೆ ನಿಮಗೆ ಓದಿ ಹೇಳುತ್ತಾಳೆ. "ಅವಳಿಗೆ ಹೇಳ್ಬೇಡ, ಕೆಲಸ ಬಿಟ್ಟು ಮನೇಲಿ ಕೂತ್ಕೋತಾಳೆ" ಅಂದಳು.

ಮೊಣಕಾಲ ಕೆಳಗೆ ಎರಡೂ ಕಡೆ ಕಪ್ಪುಗಟ್ಟಿದ ಏಟುಗಳಿವೆ. ಹಳೆಯದರ ಮೇಲೆ ಹೊಸದು. ನಿಮ್ಮ ಮನೆಯ ಮಂಚದ ಅಂಚಿನ ಎತ್ತರಕ್ಕೆ ಸರಿಯಾಗಿ. ದಿನವಿಡೀ ಸೂಕ್ಷ್ಮದರ್ಶಕದಲ್ಲಿ ಕಣ್ಣು ನೆಟ್ಟು ಕೂರುವವರಿಗೆ ಇದು ಕಾಣಲಿಲ್ಲ.

ನಕ್ಷೆ ಕಳಿಸಿದ್ದೇನೆ. ಮುಂದಿನ ದೊಡ್ಡ ಕೋಣೆ ಅಮ್ಮನಿಗೆ. ಉಳಿದಿರುವ ಒಂದು ಕಣ್ಣಿಗೆ ಅಲ್ಲಿನ ಬೆಳಕು ಬೇಕು. ಅಡುಗೆಮನೆಯ ಹಿಂದಿನ ಸಣ್ಣ ಕೋಣೆ ನಿಮಗೆ. ಹೊಸ್ತಿಲು ಎಲ್ಲೂ ಇಲ್ಲ. ಬಾಗಿಲುಗಳೆಲ್ಲ ಪಕ್ಕಕ್ಕೆ ಸರಿಯುವಂಥವು, ಅರ್ಧ ತೆರೆದ ಬಾಗಿಲಿಗೆ ಹಣೆ ಬಡಿಯುವುದು ಬೇಡ. ಅವಳ ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಅಡುಗೆಮನೆಗೆ ಗೋಡೆಯುದ್ದಕ್ಕೂ ಸೊಂಟದ ಎತ್ತರದಲ್ಲಿ ಒಂದು ಮರದ ಪಟ್ಟಿ ಓಡುತ್ತದೆ. ಪ್ರತಿ ಬಾಗಿಲ ಹತ್ತಿರ ಅದರಲ್ಲಿ ಒಂದು ಕಚ್ಚು. ಬೆರಳಿಗೆ ಕಚ್ಚು ಸಿಕ್ಕಿದರೆ ಬಾಗಿಲು ಬಂತು ಎಂದು ಅರ್ಥ.

ಇಂತಿ,
ಡಿಸೈನರ್


ಫೆಬ್ರವರಿ ೭

ಒಂದು ದಿನ ಬಂದೆ ನೀನು. ಒಂದೇ ಒಂದು ದಿನ!

ಬಹುವಚನ ಸಾಕು, ನನಗೆ ಉಸಿರು ಕಟ್ಟುತ್ತಿದೆ. ಆರು ವರ್ಷ ಅವಳ ಜೊತೆ ಇದ್ದವಳು ನಾನು. ಮೂರು ಮಹಡಿ ಕೈ ಹಿಡಿದು ಇಳಿಸಿ ಹತ್ತಿಸಿದವಳು, ಬೆಳಿಗ್ಗೆ ಸಂಜೆ ತಪ್ಪದೆ ಕಣ್ಣಿಗೆ ಹನಿ ಹಾಕಲು ಅಲಾರಾಂ ಇಟ್ಟುಕೊಂಡವಳು ನಾನು. ನೀನು ಟೇಪು ಹಿಡಿದುಕೊಂಡು ಬಂದು ಒಂದು ಮಧ್ಯಾಹ್ನದಲ್ಲಿ ಎಲ್ಲ ಕಂಡುಹಿಡಿದೆ, ಅಲ್ಲವೇ? ಹತ್ತಿರ ಇದ್ದವಳಿಗೆ ಸುಳ್ಳು, ದೂರ ಇದ್ದವಳಿಗೆ ನಿಜ. ಅವಳ ಸ್ವಭಾವವೇ ಅದು.

ನಿನ್ನ ಕಾಗದ ಬಂದ ಸಂಜೆ ಪತ್ರಿಕೆಯನ್ನು ತಲೆಕೆಳಗು ಮಾಡಿ ಅವಳ ಕೈಗೆ ಕೊಟ್ಟೆ. ಓದಿದಳು. ಮಳೆಯ ಸುದ್ದಿ ಓದಿದಳು, ಚುನಾವಣೆಯ ಸುದ್ದಿ ಓದಿದಳು. ನಾನು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ನಕ್ಷೆಗೆ ಒಪ್ಪಿಗೆ. ಹಿಂದಿನ ಕೋಣೆ ಕೋಣೆಯಲ್ಲ, ಪೆಟ್ಟಿಗೆ, ಆದರೂ ಒಪ್ಪಿಗೆ. ಬಚ್ಚಲಿಗೆ ಮಾತ್ರ ನಿನ್ನ ಮಾತು ಸಾಲದು. ಹೊಳೆಯುವ ಕಲ್ಲು ಹಾಕಿಸುವುದಿಲ್ಲ, ಹಿಂದೆ ಹಾಕಿಸಿದ್ದು ನನ್ನ ತಪ್ಪು ಎಂದು ಬರೆದು ಸಹಿ ಮಾಡಿ ಕಳಿಸು. ಅದು ಕೈಗೆ ಬಂದ ಮೇಲೆ ಮೇಸ್ತ್ರಿ ಒಳಗೆ ಕಾಲಿಡಲಿ.

ಯಜಮಾನಿ


ಮಾರ್ಚ್ ೨

ನೀನು ಕೇಳಿದ್ದನ್ನು ನಾನು ಬರೆದುಕೊಡುವುದಿಲ್ಲ. ಬೇಕಿದ್ದರೆ ಬೇರೆ ಡಿಸೈನರನ್ನು ಹುಡುಕಿಕೋ. ಅಡುಗೆಮನೆ, ಬಾಗಿಲು, ಪಟ್ಟಿ, ಎಲ್ಲ ನಡೆಯುತ್ತಿದೆ. ಬಚ್ಚಲು ಮಾತ್ರ ನಿಂತಿದೆ.

ನಾಲ್ಕು ಟೈಲ್ ಮಾದರಿ ಕಳಿಸಿದ್ದೇನೆ. ನೆಲಕ್ಕೆ ಹಾಸಿ, ಸೋಪಿನ ನೀರು ಸುರಿದು, ಅಮ್ಮನನ್ನು ಬರಿಗಾಲಲ್ಲಿ ಒಂದೊಂದರ ಮೇಲೂ ನಿಲ್ಲಿಸು. ಎರಡೂ ಕೈ ಹಿಡಿದುಕೊಂಡಿರು. ಅವಳ ಕಾಲು ಯಾವುದನ್ನು ಒಪ್ಪುತ್ತದೋ ಅದೇ ಆಗಲಿ. ಆರಿಸಿದ ಟೈಲಿನ ಹಿಂದೆ ಅವಳ ಸಹಿಯನ್ನೂ ನಿನ್ನ ಸಹಿಯನ್ನೂ ಹಾಕಿ ಕಳಿಸಿ. ಸಹಿ ಇಲ್ಲದೆ ನಾನು ಯಾರ ಮನೆಯಲ್ಲೂ ನೆಲ ಹಾಕಿಸುವುದಿಲ್ಲ. ಈ ನಿಯಮ ಮಾಡಿಕೊಂಡು ಆರು ವರ್ಷವಾಯಿತು.

ಡಿಸೈನರ್


ಮಾರ್ಚ್ ೯

ದೊಡ್ಡವಳೇ,

ಇದನ್ನ ಚಿಕ್ಕವಳ ಕೈಲಿ ಬರೆಸ್ತಿದೀನಿ. ನಾನು ಹೇಳಿದ್ದು ಹೇಳಿದ ಹಾಗೇ ಬರೀಬೇಕು, ಒಂದು ಮಾತೂ ಬಿಡಬಾರದು ಅಂತ ಅವಳ ಹತ್ರ ಆಣೆ ಹಾಕಿಸ್ಕೊಂಡಿದೀನಿ. ಏನು ಬರೆಸ್ತೀನಿ ಅಂತ ಅವಳಿಗೆ ಗೊತ್ತಿಲ್ಲ.

ಇವತ್ತು ಬೆಳಿಗ್ಗೆ ಟೈಲ್ ಮೇಲೆ ನಿಂತೆ. ಮೊದಲನೇದು ತೀರಾ ಒರಟು, ಕಾಲು ಉರೀತು. ಎರಡನೇದು ಚೆನ್ನಾಗಿತ್ತು. ಮೂರನೇದು ಪರವಾಗಿಲ್ಲ. ನಾಲ್ಕನೇದರ ಮೇಲೆ ಕಾಲಿಟ್ಟ ಕೂಡ್ಲೇ ಸರ್ ಅಂತ ಜಾರ್ತು, ಚಿಕ್ಕವಳು ಎಳ್ಕೊಂಡ್ಲು. "ನೋಡಿದ್ಯಾ ಅಮ್ಮ, ಅಪ್ಪನ್ನ ತಿಂದ ಕಲ್ಲನ್ನೇ ಮತ್ತೆ ಕಳಿಸಿದಾಳೆ, ಅವಳಿಗೆ ಕರುಳೇ ಇಲ್ಲ" ಅಂತ ಬೈದ್ಲು. ಆರು ವರ್ಷದಿಂದ ಬೈತಾನೇ ಇದಾಳೆ. ನಾನು ಪಕ್ಕದಲ್ಲಿ ಕೂತು ಕೇಳ್ತಾನೇ ಇದೀನಿ. ಇವತ್ತು ಆಗ್ಲಿಲ್ಲ.

ಆ ಕಲ್ಲು ನೀನು ಆರಿಸಿದ್ದಲ್ಲ. ನಾನು ಆರಿಸಿದ್ದು.

ಪೆನ್ನಿನ ಸದ್ದು ನಿಂತುಹೋಯ್ತು. ಬರಿಯೇ, ಚಿಕ್ಕವಳೇ. ಬರೀತೀನಿ ಅಂದಿದೀಯ, ಬರಿ.

ನೀನು ಬೂದಿ ಬಣ್ಣದ ಒರಟು ಟೈಲ್ ಹೇಳಿದ್ದೆ. ನನಗೆ ಅದು ಆಸ್ಪತ್ರೆ ನೆಲದ ಹಾಗೆ ಕಾಣ್ತು. ಎದುರು ಮನೆಯವಳ ಬಚ್ಚಲಲ್ಲಿ ಬಿಳೀ ಕಲ್ಲು ಹಾಕಿದ್ರು, ಬಗ್ಗಿದ್ರೆ ಮುಖ ಕಾಣ್ತಿತ್ತು. ನನಗೂ ಅದೇ ಬೇಕು ಅನ್ನಿಸ್ತು. ನೀನು ಬೇರೆ ಊರಿನ ಕೆಲಸಕ್ಕೆ ಹೋಗಿದ್ದ ವಾರ ನಾನೇ ಅಂಗಡಿಗೆ ಹೋಗಿ ಆರಿಸಿ ಬಂದೆ. ಮೇಸ್ತ್ರಿ ಕೇಳ್ದ, "ಮಗಳಿಗೆ ಗೊತ್ತಾಮ್ಮ?" ಅಂತ. "ಅವಳೇ ಹೇಳಿದ್ದು, ಹಾಕು" ಅಂದೆ. ನೀನು ವಾಪಸು ಬಂದು ನೋಡಿ ಕೂಗಾಡಿದೆ. ನಾನು ನಿನ್ನ ಕೈ ಹಿಡ್ಕೊಂಡೆ. "ಅಪ್ಪನಿಗೆ ಹೇಳ್ಬೇಡ್ವೇ, ನಿನ್ನ ಮಾತು ಮೀರಿ ಮಾಡಿದೆ ಅಂತ ಗೊತ್ತಾದ್ರೆ ವರ್ಷವೆಲ್ಲಾ ಹಂಗಿಸ್ತಾರೆ" ಅಂದೆ. ಅಷ್ಟಕ್ಕೇ ಕಣೇ. ಹಂಗಿಸ್ತಾರೆ ಅನ್ನೋದಕ್ಕೆ.

ಆಸ್ಪತ್ರೆ ವರಾಂಡದಲ್ಲಿ ಚಿಕ್ಕವಳು ಎಲ್ಲರ ಮುಂದೆ ನಿನ್ನನ್ನ ಅಪ್ಪನ್ನ ಕೊಂದವಳು ಅಂದ್ಲು. ನೀನು ನನ್ನ ಮುಖ ನೋಡಿದೆ. ಆಗ ನನ್ನ ಕಣ್ಣು ಚೆನ್ನಾಗೇ ಇತ್ತು. ನಾನು ತಲೆ ತಗ್ಗಿಸಿ ಚಪ್ಪಲಿ ನೋಡ್ಕೊಂಡು ನಿಂತೆ.

ಆವತ್ತಿಂದ ನಿನ್ನ ಮುಖ ಸರಿಯಾಗಿ ನೋಡಿಲ್ಲ. ಈಗ ನೋಡೋಣ ಅಂದ್ರೆ ಕಾಣಲ್ಲ.

ನಿಮ್ಮಮ್ಮ

ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ಎರಡನೆಯ ಟೈಲ್ ಕಳಿಸಿದ್ದೇನೆ, ಹಿಂದೆ ಎರಡು ಸಹಿ ಇದೆ. ಅಮ್ಮನದು ಗೆರೆ ದಾಟಿ ಹೋಗಿದೆ. — ಬರೆದವಳು


ಮಾರ್ಚ್ ೧೬

ತಂಗಿಗೆ,

ಇದನ್ನು ಅಮ್ಮನಿಗೆ ಓದಿ ಹೇಳಬೇಡ.

ಈಗ ನೀನು ನನ್ನನ್ನು ಒಳ್ಳೆಯವಳನ್ನಾಗಿ ಮಾಡಲು ಹೊರಡುತ್ತೀ. ಬೇಡ. ನಾಲ್ಕನೆಯ ಟೈಲನ್ನು ನಾನು ಬೇಕೆಂದೇ ಇಟ್ಟೆ. ಅವಳ ಕಾಲಿಗೆ ಅದು ತಾಗಲಿ, ನೆನಪಾಗಲಿ ಎಂದು ಇಟ್ಟೆ. ಅರವತ್ತೊಂಬತ್ತು ವರ್ಷದ ಕಣ್ಣು ಕಾಣದ ಹೆಂಗಸನ್ನು ಸೋಪಿನ ನೀರಿನ ಮೇಲೆ ನಿಲ್ಲಿಸಿದೆ. ನೀನು ಹೇಳಿದ ಕರುಳಿಲ್ಲದವಳು ನಾನೇ.

ಇನ್ನೊಂದು ವಿಷಯ ಅಮ್ಮನಿಗೂ ಗೊತ್ತಿಲ್ಲ. ಆವತ್ತು ಕೂಗಾಡಿದ ಮೇಲೆ, ಮೇಸ್ತ್ರಿಯನ್ನು ಕರೆಸಿ ಆ ಕಲ್ಲನ್ನು ಕೀಳಿಸಬಹುದಿತ್ತು. ಮೂರು ದಿನದ ಕೆಲಸ. ಕೀಳಿಸಬೇಕು ಎಂದೇ ಮಾರನೆಯ ದಿನ ಹೋದೆ. ಬೆಳಗಿನ ಬಿಸಿಲು ಗವಾಕ್ಷಿಯಿಂದ ಆ ಬಿಳಿ ಕಲ್ಲಿನ ಮೇಲೆ ಬಿದ್ದಿತ್ತು. ತುಂಬ ಚೆನ್ನಾಗಿ ಕಾಣುತ್ತಿತ್ತು. ಫೋಟೋ ತೆಗೆದೆ. ಆಮೇಲೆ ಕೀಳಿಸಲು ಮನಸ್ಸು ಬರಲಿಲ್ಲ. ಹೊಸ ಗಿರಾಕಿಗಳಿಗೆ ತೋರಿಸುವ ಆಲ್ಬಮ್ಮಿನಲ್ಲಿ ಆ ಫೋಟೋ ಮೊದಲ ಪುಟದಲ್ಲಿತ್ತು, ಅಪ್ಪ ಬೀಳುವವರೆಗೂ. ವರಾಂಡದಲ್ಲಿ ನಾನು ಸುಮ್ಮನಿದ್ದದ್ದು ಅಮ್ಮನನ್ನು ಕಾಪಾಡಲು ಅಂತ ನೀನು ತಿಳಿದುಕೊಂಡರೆ ತಪ್ಪು. ನೀನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಯಾವ ಅರ್ಧ ಎಂದು ಎಲ್ಲರ ಮುಂದೆ ಬಿಡಿಸಿ ಹೇಳುವ ತಾಕತ್ತು ನನಗಿರಲಿಲ್ಲ.

ಆದರೆ ಒಂದು ಮಾತು ಹೇಳಿಯೇ ಬಿಡುತ್ತೇನೆ. ನೀನು ಕೇಳಲಿಲ್ಲ. ಆರು ವರ್ಷದಲ್ಲಿ ಒಂದು ಸಲವೂ "ಅಕ್ಕ, ಯಾಕೆ ಹಾಗೆ ಮಾಡಿದೆ?" ಎಂದು ಕೇಳಲಿಲ್ಲ. ತೀರ್ಪು ಕೊಟ್ಟು ಎದ್ದುಹೋದೆ. ಅದನ್ನು ನಾನು ಮರೆಯುವವಳಲ್ಲ.

ಟೈಲ್ ಬಂತು. ಸೋಮವಾರದಿಂದ ಬಚ್ಚಲಿನ ಕೆಲಸ.

ಅಕ್ಕ


ಏಪ್ರಿಲ್ ೨

ತಂಗಿಗೆ,

ಹಿಂದಿನ ಕಾಗದಕ್ಕೆ ನಿನ್ನಿಂದ ಉತ್ತರ ಬರಲಿಲ್ಲ. ಬರಬೇಕೆಂದು ಕಾದೂ ಇರಲಿಲ್ಲ. ಇವತ್ತು ಬರೆಯುತ್ತಿರುವುದು ಬೇರೆ ವಿಷಯಕ್ಕೆ.

ಬೆಳಿಗ್ಗೆ ಬಡಗಿ ಪಟ್ಟಿ ಕೂರಿಸುತ್ತಿದ್ದ. ಎತ್ತರ ಸರಿಯಿದೆಯೇ ಎಂದು ನೋಡಲು ಅಮ್ಮನನ್ನು ಕರೆಸಿದ್ದೆ. ಪಟ್ಟಿ ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆದು ನಿಂತಳು. "ದೊಡ್ಡವಳೇ, ಚಿಕ್ಕವಳು ಮನೇಲಿ ಇದಾ‌ಳಾ ಇಲ್ವಾ ಅಂತ ನನಗೆ ಗೊತ್ತಾಗ್ತಿಲ್ಲ ಕಣೇ" ಅಂದಳು. ನನಗೆ ಅರ್ಥವಾಗಲಿಲ್ಲ. "ತಟ್ಟೆ ಇಡೋ ಸದ್ದು ಬರುತ್ತೆ. ಯಾರೋ ಕಣ್ಣಿಗೆ ಹನಿ ಹಾಕ್ತಾರೆ. ಯಾರು ಅಂದ್ರೆ ಉತ್ತರ ಇಲ್ಲ. ಮೂರು ವಾರ ಆಯ್ತು. ಕುರ್ಚಿ ಕಡೆ ತಿರುಗಿ ಮಾತಾಡ್ತೀನಿ, ಆಮೇಲೆ ಕೈ ಚಾಚಿ ನೋಡಿದ್ರೆ ಕುರ್ಚಿ ಖಾಲಿ ಇರುತ್ತೆ."

ಬಡಗಿ ಸುತ್ತಿಗೆ ಕೆಳಗಿಟ್ಟು ಹೊರಗೆ ಹೋದ.

ನೀನು ಅವಳಿಗೆ ಕೊಡುತ್ತಿರುವ ಶಿಕ್ಷೆ ಏನು ಗೊತ್ತೇ? ನನ್ನ ಜೊತೆಯೂ ಮಾತು ಬಿಟ್ಟೆ. ನನಗೆ ಕಣ್ಣಿತ್ತು. ಬೀದಿ ಕಾಣುತ್ತಿತ್ತು, ನಾಲ್ಕು ಜನ ಕಾಣುತ್ತಿದ್ದರು, ಬೆಳಗಾದದ್ದು ಗೊತ್ತಾಗುತ್ತಿತ್ತು. ಅವಳಿಗೆ ಮನುಷ್ಯರೆಂದರೆ ಈಗ ದನಿ. ನೀನು ಬಾಯಿ ಮುಚ್ಚಿದರೆ ಅವಳ ಲೆಕ್ಕದಲ್ಲಿ ನೀನು ಸತ್ತಹಾಗೆ. ಹನಿ ಹಾಕುವ ಕೈ ಒಂದು ಓಡಾಡುತ್ತಿರುತ್ತದೆ, ಅಷ್ಟೇ.

ಅವಳನ್ನು ಕ್ಷಮಿಸು ಎಂದು ಹೇಳುತ್ತಿಲ್ಲ. ನಾನೇ ಕ್ಷಮಿಸಿಲ್ಲ. ಹೊಡೆಯುವುದಾದರೆ ಕಾಣುವ ಹಾಗೆ ಹೊಡಿ ಎನ್ನುತ್ತಿದ್ದೇನೆ. ಇಲ್ಲವಾದರೆ ಹೇಳು, ಅವಳನ್ನು ನನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ. ಈ ಪಟ್ಟಿ, ಕಚ್ಚು, ಬಾಗಿಲು ಎಲ್ಲವನ್ನೂ ನೀನೇ ಇಟ್ಟುಕೊಂಡು ಓಡಾಡು.

ಅಕ್ಕ


ಮೇ ೧೧

ಅಕ್ಕ,

ನಿನ್ನ ಏಪ್ರಿಲಿನ ಕಾಗದವನ್ನು ಲ್ಯಾಬಿನಲ್ಲಿ ಓದಿದೆ. ಓದಿ ಹರಿದುಹಾಕಿದೆ. ಸುಳ್ಳು ಬರೆದಿದ್ದರೆ ಹರಿಯುತ್ತಿರಲಿಲ್ಲ.

ಹಟ ಮಾಡಿ ಮಾತು ಬಿಟ್ಟದ್ದಲ್ಲ, ಮೊದಲ ದಿನ. ಅಮ್ಮ ಹೇಳಿ ಬರೆಸಿದ ಕಾಗದ ಮುಗಿಸಿದಾಗ ಬಾಯಿ ತೆರೆದೆ, ಏನೂ ಬರಲಿಲ್ಲ. ಎರಡನೆಯ ದಿನವೂ ಹಾಗೇ. ಐದನೆಯ ದಿನದ ಹೊತ್ತಿಗೆ ಅವಳು ಗಾಳಿಯಲ್ಲಿ ಕೈ ಆಡಿಸಿ ನನ್ನನ್ನು ಹುಡುಕುವುದನ್ನು ನೋಡಿದೆ. ನೋಡಿದಾಗ ಒಳಗೆ ಎಲ್ಲೋ ತಂಪಾಯಿತು. ಆಮೇಲಿನದು ಹಟವೇ. ನಿನಗಲ್ಲದೆ ಇನ್ಯಾರಿಗೂ ಇದನ್ನು ಹೇಳಲಾರೆ.

ನಿನ್ನ ಕಾಗದ ಹರಿದ ಸಂಜೆ ಮನೆಗೆ ಹೋದಾಗ ಅಮ್ಮ ಮಂಚದ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದಳು. ನನ್ನ ಅಂಗಿಯ ಒಂದು ತೋಳು ಒಳಗೆ ಸೇರಿಕೊಂಡಿತ್ತು, ಅದನ್ನು ಹೊರಗೆಳೆಯಲು ಒದ್ದಾಡುತ್ತಿದ್ದಳು. ಬಾಗಿಲಲ್ಲಿ ನಿಂತು "ಅಮ್ಮ" ಅಂದೆ.

"ಯಾರು?"

"ನಾನು."

"ನಾನು ಅಂದ್ರೆ?"

ಗುರುತು ಸಿಗದೆ ಕೇಳಿದಳೋ, ಬೇಕೆಂದೇ ಕೇಳಿದಳೋ, ಇವತ್ತಿಗೂ ಗೊತ್ತಿಲ್ಲ. "ನಿನ್ನ ಚಿಕ್ಕವಳು" ಅನ್ನುವಷ್ಟರಲ್ಲಿ ಕಟ್ಟೆ ಒಡೆಯಿತು. "ಆರು ವರ್ಷ ನನ್ನ ಬಾಯಲ್ಲಿ ಅಕ್ಕನ್ನ ಬೈಯಿಸ್ದೆ! ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸ್ತಾ ಕೇಳಿಸ್ಕೊಂಡೆ! ಒಂದು ಸಲ, ಒಂದೇ ಒಂದು ಸಲ, ಸಾಕು ಬಿಡೇ ಅಂದ್ಯಾ?" ಕೆಳಗಿನ ಮನೆಯವರು ಹೊರಗೆ ಬಂದು ನಿಲ್ಲುವಷ್ಟು ಕೂಗಿದೆ. ಅಪ್ಪನ ವಿಷಯ, ನಿನ್ನ ವಿಷಯ, ತಲೆಕೆಳಗಾದ ಪತ್ರಿಕೆಯ ವಿಷಯ, ನನಗೆ ಬಂದ ಎರಡು ಸಂಬಂಧಗಳನ್ನು ಅವಳು ಮುರಿದದ್ದು, ಎಲ್ಲ ಬಂತು. ಉಸಿರು ಸಾಲದೆ ನಿಲ್ಲಿಸಿದೆ.

ಅವಳು ಮುಖ ನನ್ನ ಕಡೆಗೆ ತಿರುಗಿಸಿಕೊಂಡಿದ್ದಳು. ಸರಿಯಾಗಿ ನನ್ನ ಕಡೆಗೇ.

"ನಿಲ್ಲಿಸ್ಬೇಡ" ಅಂದಳು. "ಬೈತಾ ಇರು. ನೀನು ಬೈತಿದ್ರೆ ಎಲ್ಲಿದೀಯ ಅಂತ ಗೊತ್ತಾಗುತ್ತೆ."

ನಾನು ಹೋಗಿ ಆ ಅಂಗಿಯ ತೋಳು ಎಳೆದುಕೊಟ್ಟೆ. ಅಷ್ಟೇ ಮಾಡಿದ್ದು. ಕೋಪ ಇಳಿದಿಲ್ಲ. ಅನ್ನ ಬಡಿಸುವಾಗಲೂ ಇರುತ್ತದೆ. ಆದರೆ ಬಾಯಿಬಿಟ್ಟು ಬಡಿಸುತ್ತೇನೆ.

ಹೊಸ ಮನೆಗೆ ಬಂದು ಹನ್ನೆರಡು ದಿನವಾಯಿತು. ನೀನು ಕೀಲಿಕೈಯನ್ನು ಬಡಗಿಯ ಕೈಲಿ ಕಳಿಸಿದೆ, ಬರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಬಲಗಣ್ಣಿಗೆ ಈಗ ಬೆಳಕು ನೆರಳು ಬಿಟ್ಟು ಬೇರೇನೂ ಇಲ್ಲ; ಡಾಕ್ಟರು ಹೇಳಿದ ವರ್ಷ ನಾಲ್ಕೇ ತಿಂಗಳಿಗೆ ಮುಗಿಯಿತು. ಮೊದಲ ಎರಡು ದಿನ ಕೈ ಹಿಡಿದು ನಡೆಸಿದೆ. ಮೂರನೆಯ ದಿನ ನನ್ನ ಕೈ ಕೊಡವಿ ಒಬ್ಬಳೇ ಬಚ್ಚಲಿಗೆ ಹೋದಳು. ನಾನು ಹೊರಗೆ ಗೋಡೆಗೆ ಒರಗಿ ನಿಂತಿದ್ದೆ. ನೀರು ಬೀಳುವ ಸದ್ದು, ಚೊಂಬು ಇಡುವ ಸದ್ದು. ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದು, "ಇಲ್ಲೇ ನಿಂತಿದೀಯಲ್ವಾ? ಉಸಿರು ಕೇಳಿಸ್ತಿದೆ. ಹೋಗಿ ಕೆಲಸ ನೋಡ್ಕೋ" ಅಂದಳು. ನಿನ್ನೆ ಅವಳೇ ಕಾಫಿ ಮಾಡಿದಳು. ಸಕ್ಕರೆ ಹಾಕುವ ಕಡೆ ಉಪ್ಪು ಹಾಕಿದ್ದಳು. ಎರಡು ಡಬ್ಬಿಯ ಮುಚ್ಚಳವೂ ಒಂದೇ ಥರ ಇದೆ, ಅದು ನಿನ್ನ ತಪ್ಪು. ಬದಲಾಯಿಸಬೇಕು. ನನ್ನ ಕೋಣೆ ಮಧ್ಯಾಹ್ನ ಒಲೆಯ ಹಾಗೆ ಕಾಯುತ್ತದೆ, ಅದೂ ನಿನ್ನ ತಪ್ಪು.

ಇದು ಕ್ಷಮೆ ಕೇಳುವ ಕಾಗದವಲ್ಲ. ಅದನ್ನು ನಾಲ್ಕು ಸಲ ಬರೆಯಲು ಕೂತೆ. ವರಾಂಡದಲ್ಲಿ ಅಷ್ಟು ಜನರ ಮುಂದೆ ಬಾಯಲ್ಲಿ ಆಡಿದ್ದನ್ನು ಕಾಗದದಲ್ಲಿ ವಾಪಸು ತೆಗೆದುಕೊಳ್ಳಲು ಆಗುವುದಿಲ್ಲ. ಆ ಫೋಟೋ ವಿಷಯಕ್ಕೆ ನಿನ್ನ ಮೇಲೂ ನನಗೆ ಕೋಪವಿದೆ. ಇನ್ನೂ ಬಹಳ ದಿನ ಇರುತ್ತದೆ. ನಾನು ಕೇಳಲಿಲ್ಲ ಎಂದು ಬರೆದೆಯಲ್ಲ, ಅದಕ್ಕೆ ನಿನಗೆ ನನ್ನ ಮೇಲೆ ಇರುವ ಕೋಪವೂ ಇರಲಿ.

ಭಾನುವಾರ ಬಾ. ಊಟ ಬೇಡವೆಂದರೆ ಬಿಡು, ನೀರೂ ಕುಡಿಯಬೇಡ. ನಡುಮನೆಯಲ್ಲಿ ಎದುರು ಬದುರು ಕೂತು ಜಗಳ ಆಡೋಣ, ನಿನ್ನ ಆರು ವರ್ಷದ್ದು, ನನ್ನ ಆರು ವರ್ಷದ್ದು. ದನಿ ತಗ್ಗಿಸುವುದು ಬೇಡ. ಅಮ್ಮ ಒಳಗೆ ಕೂತಿರುತ್ತಾಳೆ. ಇಬ್ಬರೂ ಬಂದಿದ್ದೇವೆ ಎಂದು ಅವಳಿಗೆ ತಿಳಿಯಲಿ.

ನಿನ್ನ ತಂಗಿ